ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಆಗಲು ಮೊದಲೇ ಲೈಸೆನ್ಸ್ ಬೇಕೇ?

ಪ್ರಶ್ನೆ: ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸುವ ಆಸೆ. ಮೊದಲು ಫ್ಲೈಯಿಂಗ್ ಸ್ಕೂಲ್ ಸೇರಿ ಲೈಸೆನ್ಸ್ ಮಾಡಿಸಬೇಕೇ? ಮನೆಯಲ್ಲಿ ಹೊಲ ಅಡ ಇಡಲೂ ತಯಾರಿದ್ದಾರೆ.

ಉತ್ತರ: ಬೇಡ. ಹೊಲ ಹಾಗೇ ಇರಲಿ. ಹಾರಾಟವನ್ನು ನೌಕಾಪಡೆಯೇ ತನ್ನ ಖರ್ಚಿನಲ್ಲಿ ಕಲಿಸುತ್ತದೆ, ಮೇಲೆ ಸಂಬಳವನ್ನೂ ಕೊಡುತ್ತದೆ. ಕಮರ್ಷಿಯಲ್ ಲೈಸೆನ್ಸ್ ಇದ್ದವರಿಗೆ ವಯಸ್ಸಿನಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತದೆ, ಅಷ್ಟೇ.

ನೀವು ಮೊದಲು ಹೋಗಬೇಕಾದ್ದು ಕಣ್ಣಿನ ಡಾಕ್ಟರ ಬಳಿ. ಬಳ್ಳಾರಿಯ ವಿಮ್ಸ್ (ಈಗ ಬಿಎಂಸಿಆರ್‌ಸಿ) ಆಸ್ಪತ್ರೆ ಆಗಲಿ, ರಾಯಚೂರಿನ ರಿಮ್ಸ್ ಆಗಲಿ, ಚುಕ್ಕೆಗಳ ನಡುವೆ ಅಂಕಿ ಅಡಗಿಸಿಟ್ಟ ಇಶಿಹಾರಾ ಪುಸ್ತಕ ತೋರಿಸಿ ಬಣ್ಣ ಪರೀಕ್ಷಿಸಲು ಕೇಳಿ. ಕೆಂಪು–ಹಸಿರು ಗೊಂದಲವಿದ್ದರೆ ಪೈಲಟ್ ದಾರಿ ಅಲ್ಲಿಗೇ ಮುಗಿಯಿತು, ಅದಕ್ಕೆ ಚಿಕಿತ್ಸೆಯಿಲ್ಲ. ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಕೋಚಿಂಗ್‌ಗೆ ಸಾವಿರಾರು ರೂಪಾಯಿ ಸುರಿದ ಮೇಲೆ ಇದು ತಿಳಿಯುವವರೇ ಜಾಸ್ತಿ.

ಪದವೀಧರರಿಗೆ ನೇರ ದಾರಿ ಶಾರ್ಟ್ ಸರ್ವೀಸ್ ಕಮಿಷನ್, ಅಂದರೆ ನಿಗದಿತ ವರ್ಷಗಳ ಅಧಿಕಾರಿ ಹುದ್ದೆ. ಯಾವ ಬ್ರಾಂಚಿನ ಬಿ.ಇ. ಆದರೂ ನಡೆಯುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಇ. ಮೂರರಲ್ಲೂ ಶೇ. 60 ಇರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯ ಇಂಗ್ಲಿಷ್ ವಿಷಯದಲ್ಲೂ ಶೇ. 60 ಬೇಕು, ಕನ್ನಡ ಮಾಧ್ಯಮದವರು ಮುಗ್ಗರಿಸುವುದು ಇಲ್ಲೇ, ಇವತ್ತೇ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ. ವಯಸ್ಸಿನ ಮಿತಿ ಸುಮಾರು 24, ನಿಖರ ಜನ್ಮದಿನಾಂಕ ಪ್ರತಿ ಪ್ರಕಟಣೆಯಲ್ಲೂ ಇರುತ್ತದೆ. ಲಿಖಿತ ಪರೀಕ್ಷೆ ಇಲ್ಲ, ಅಂಕಗಳ ಮೇಲೆ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಕರೆ ಬರುತ್ತದೆ. ಮೊದಲ ಬಾರಿ ಹೋಗುವವರಿಗೆ ಎಸಿ 3 ಟಯರ್ ರೈಲು ಚಾರ್ಜ್ ವಾಪಸ್ ಸಿಗುತ್ತದೆ, ಟಿಕೆಟ್ ಎಸೆಯಬೇಡಿ.

ಎಸ್‌ಎಸ್‌ಬಿಯಲ್ಲಿ ಫೇಲಾದರೆ ಮತ್ತೆ ಹೋಗಬಹುದು. ಆದರೆ ಅದರ ಜೊತೆಗಿನ ಕಂಪ್ಯೂಟರ್ ಮೇಲಿನ ಪೈಲಟ್ ಸಾಮರ್ಥ್ಯ (ಆಪ್ಟಿಟ್ಯೂಡ್) ಪರೀಕ್ಷೆ, ಅಂದರೆ ಸಿಪಿಎಸ್‌ಎಸ್, ಜೀವನದಲ್ಲಿ ಒಂದೇ ಸಲ. ಪರದೆಯ ಮೇಲೆ ಜಾರಿಹೋಗುವ ಗುರುತನ್ನು ಕೈಯ ಸ್ಟಿಕ್ ಮತ್ತು ಕಾಲಿನ ಪೆಡಲ್‌ಗಳಿಂದ ನಡುವೆ ಹಿಡಿದಿಡಬೇಕು. ಅಷ್ಟರಲ್ಲಿ ದೀಪ ಹತ್ತುತ್ತದೆ, ಸದ್ದು ಬರುತ್ತದೆ, ಅವನ್ನೂ ಆರಿಸಬೇಕು. ಗಾಬರಿಯಿಂದ ಸ್ಟಿಕ್ ಬಿಗಿಹಿಡಿದು ಅತಿಯಾಗಿ ತಿದ್ದುವವರೇ ಸೋಲುವುದು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿ, ಸೂಚನೆ ಅರ್ಥವಾಗದಿದ್ದರೆ ಶುರುವಾಗುವ ಮೊದಲೇ ಕೇಳಿಬಿಡಿ.

ಆಯ್ಕೆಯಾದರೆ ಕೇರಳದ ಏಳಿಮಲ ನೌಕಾ ಅಕಾಡೆಮಿಯಲ್ಲಿ 22 ವಾರ. ಆಮೇಲೆ ಸಾಮಾನ್ಯವಾಗಿ ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಪಿಲಾಟಸ್ ವಿಮಾನದ ಮೇಲೆ ಮೂಲ ತರಬೇತಿ. ಹೆಲಿಕಾಪ್ಟರೋ ವಿಮಾನವೋ ಎಂಬುದನ್ನು ನಿಮ್ಮ ಸಾಧನೆ ಮತ್ತು ಪಡೆಯ ಅಗತ್ಯ ನೋಡಿ ಅವರೇ ತೀರ್ಮಾನಿಸುತ್ತಾರೆ. ಹೆಲಿಕಾಪ್ಟರ್ ಸಿಕ್ಕರೆ ತಮಿಳುನಾಡಿನ ಅರಕ್ಕೋಣಂ, ಅಲ್ಲಿನ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ರಾಜಾಳಿ. ರಾಯಚೂರು–ಗುಂತಕಲ್ ಹಾದುಹೋಗುವ ಚೆನ್ನೈ ರೈಲು ಮಾರ್ಗದಲ್ಲೇ ಇದೆ.

ಅಲ್ಲಿ 22 ವಾರ ಚೇತಕ್ ಎಂಬ ಹಗುರ ಹೆಲಿಕಾಪ್ಟರ್ ಮೇಲೆ ಕಲಿಕೆ. ಎಡಗೈಯಲ್ಲಿ ಮೇಲೇರಿಸಿ ಇಳಿಸುವ ಹಿಡಿ ಕಲೆಕ್ಟಿವ್, ಬಲಗೈಯಲ್ಲಿ ಹಿಂದೆ-ಮುಂದೆ, ಪಕ್ಕಕ್ಕೆ ವಾಲಿಸುವ ಕೋಲು ಸೈಕ್ಲಿಕ್, ಕಾಲಡಿ ಮೂತಿ ತಿರುಗಿಸುವ ಪೆಡಲ್. ಕಲೆಕ್ಟಿವ್ ಎತ್ತಿದ ಕೂಡಲೇ ಮೂತಿ ಎಡಕ್ಕೆ ಹೊರಳುತ್ತದೆ, ಬಲ ಪೆಡಲ್ ಒತ್ತಬೇಕು. ಅದರಿಂದ ಹೆಲಿಕಾಪ್ಟರ್ ಪಕ್ಕಕ್ಕೆ ಸರಿಯುತ್ತದೆ, ಸೈಕ್ಲಿಕ್‌ನಿಂದ ತಿದ್ದಬೇಕು. ನಿಂತಲ್ಲೇ ತೇಲುವ ಹೋವರ್ ಹೊಸಬರನ್ನು ಸುಸ್ತು ಮಾಡುವುದು ಇದಕ್ಕೇ. ಎಂಜಿನ್ ನಿಂತರೆ ತಕ್ಷಣ ಕಲೆಕ್ಟಿವ್ ಇಳಿಸಬೇಕು, ತಡವಾದರೆ ರೋಟರ್ (ಮೇಲೆ ತಿರುಗುವ ರೆಕ್ಕೆಗಳ) ವೇಗ ಕುಸಿದು ಕೈ ಮೀರುತ್ತದೆ. ಸಮುದ್ರದ ಮೇಲೆ ಹಾರುವವರು ನೀರಿನೊಳಗೆ ತಲೆಕೆಳಗಾದ ಕ್ಯಾಬಿನ್‌ನಿಂದ ಹೊರಬರುವುದನ್ನೂ ಕಲಿಯುತ್ತಾರೆ. ಈಜು ಬಾರದಿದ್ದರೆ ಈಗಲೇ ಕಲಿಯಿರಿ, ಆದರೆ ತುಂಗಭದ್ರಾ ಕಾಲುವೆಯಲ್ಲಲ್ಲ.

ತಂಗಿಯರಿಗೂ ಈ ದಾರಿ ತೆರೆದಿದೆ: 2024ರ ಜೂನ್‌ನಲ್ಲಿ ಅನಾಮಿಕಾ ಬಿ. ರಾಜೀವ್ ಅರಕ್ಕೋಣಂನಲ್ಲೇ ನೌಕಾಪಡೆಯ ಮೊದಲ ಮಹಿಳಾ ಹೆಲಿಕಾಪ್ಟರ್ ಪೈಲಟ್ ಆದರು. ಪಿಯುಸಿಯಲ್ಲಿರುವವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆ ಬರೆಯಬಹುದು. ಗಣಿತ ಬಿಟ್ಟು ಬರೀ ಬಯಾಲಜಿ ಹಿಡಿದವರಿಗೆ ಮಾತ್ರ ಅಲ್ಲಿ ನೌಕಾಪಡೆ ಸಿಗುವುದಿಲ್ಲ.