ಲಿಪಿ ಇಲ್ಲದ ಇಂಕಾ ಜನ ಲೆಕ್ಕಪತ್ರ ಹೇಗೆ ಇಡುತ್ತಿದ್ದರು?

ಓದುಗರ ಪ್ರಶ್ನೆ: ಪೆರು ದೇಶದ ಇಂಕಾ ಜನರಿಗೆ ಬರವಣಿಗೆಯೇ ಇರಲಿಲ್ಲ ಅಂತ ಓದಿದ್ದೇನೆ. ಹಾಗಾದರೆ ಅಷ್ಟು ದೊಡ್ಡ ರಾಜ್ಯವನ್ನು ಹೇಗೆ ನಡೆಸಿದರು? ಲೆಕ್ಕ ಎಲ್ಲಿ ಇಡುತ್ತಿದ್ದರು?

ದಾರದಲ್ಲಿ ಗಂಟು ಹಾಕಿ ಇಡುತ್ತಿದ್ದರು. ಆ ದಾರಗಳ ಗೊಂಚಲಿಗೆ ಖಿಪು ಅಂತ ಹೆಸರು. ಅವರ ಕೆಚುವಾ ಭಾಷೆಯಲ್ಲಿ ಖಿಪು ಅಂದರೆ ಗಂಟು ಅಂತಲೇ ಅರ್ಥ.

ಇದನ್ನು ಕೇಳಿದ ಕೂಡಲೇ ನಮಗೆ ಅಜ್ಜಿಯರು ಸೆರಗಿನ ತುದಿಗೆ ಹಾಕಿಕೊಳ್ಳುತ್ತಿದ್ದ ಗಂಟು ನೆನಪಾಗುತ್ತದೆ, ಅಲ್ವಾ? ಪೇಟೆಯಿಂದ ಏನೋ ತರಬೇಕು, ಮರೆಯಬಾರದು ಅಂತ ಒಂದು ಗಂಟು. ಆದರೆ ಸೆರಗಿನ ಗಂಟು ಹಾಕಿಕೊಂಡವರಿಗೆ ಮಾತ್ರ ತಿಳಿಯುತ್ತದೆ. ಖಿಪುವಿನ ಲೆಕ್ಕ ಹಾಗಲ್ಲ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಓದುತ್ತಿದ್ದರು.

ಅವರ ರಾಜ್ಯ ಎಷ್ಟು ದೊಡ್ಡದಿತ್ತು ಅಂತ ಮೊದಲು ನೋಡಬೇಕು. ತವಾಂತಿನ್‌ಸುಯು ಅಂತ ಅದರ ಹೆಸರು, ನಾಲ್ಕು ನಾಡುಗಳ ಕೂಟ. ರಾಜಧಾನಿ ಕುಸ್ಕೊ, ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಈಗಿನ ಕೊಲಂಬಿಯಾದ ದಕ್ಷಿಣ ತುದಿಯಿಂದ ಚಿಲಿಯ ನಡುಭಾಗದವರೆಗೆ, ಹೆಚ್ಚು ಕಡಿಮೆ 4,000 ಕಿಲೋಮೀಟರ್ ಉದ್ದದ ಬೆಟ್ಟದ ಸೀಮೆ. ಗಾಡಿ ಇಲ್ಲ, ಕುದುರೆ ಇಲ್ಲ, ಕಬ್ಬಿಣ ಇಲ್ಲ. ನಾಣ್ಯವೂ ಇರಲಿಲ್ಲ. ಜನ ಕಂದಾಯವನ್ನು ದುಡಿಮೆಯಲ್ಲಿ ಕಟ್ಟುತ್ತಿದ್ದರು. ಸರದಿ ಬಂದಾಗ ರಸ್ತೆ ಕೆಲಸ, ಹೊಲದ ಕೆಲಸ, ನೇಯ್ಗೆ, ಸೈನ್ಯ. ಇದಕ್ಕೆ ಮಿತ ಎನ್ನುತ್ತಿದ್ದರು.

ಹಣದಲ್ಲಿ ಕಂದಾಯ ಬಂದರೆ ಲೆಕ್ಕ ಸುಲಭ. ದುಡಿಮೆಯಲ್ಲಿ ಬಂದರೆ ಯಾವ ಊರಲ್ಲಿ ಎಷ್ಟು ಮನೆ, ಯಾರ ಸರದಿ ಮುಗಿಯಿತು, ಯಾರದು ಬಾಕಿ, ಎಲ್ಲವನ್ನೂ ಎಣಿಸಬೇಕು. ಅದಕ್ಕೇ ಮನೆಗಳನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರ ಅಂತ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಬ್ಬ ಯಜಮಾನನನ್ನು ಇಟ್ಟಿದ್ದರು. ರಸ್ತೆಯುದ್ದಕ್ಕೂ ಉಗ್ರಾಣಗಳಿದ್ದವು. ವಾನುಕೊ ಪಂಪ ಎಂಬ ಒಂದೇ ಊರಿನಲ್ಲಿ ಸುಮಾರು 500 ಉಗ್ರಾಣಗಳ ಪಾಯ ಸಿಕ್ಕಿದೆ. ಮೆಕ್ಕೆಜೋಳ, ಒಣಗಿಸಿದ ಆಲೂಗಡ್ಡೆ, ಬಟ್ಟೆ, ಆಯುಧ. ಇಷ್ಟೆಲ್ಲದರ ಲೆಕ್ಕ ಬರೀ ನೆನಪಿನ ಮೇಲೆ ನಡೆಯುವಂಥದ್ದಲ್ಲ.

ಈಗ ಗಂಟಿಗೆ ಬರೋಣ. ಮನೆಯಲ್ಲಿ ಹುರಿ ಇದ್ದರೆ ಕೈಗೆ ತೆಗೆದುಕೊಳ್ಳಿ. ಒಂದು ದಪ್ಪ ಹುರಿಯನ್ನು ಅಡ್ಡಲಾಗಿ ಕಟ್ಟಿ. ಅದಕ್ಕೆ ತೆಳ್ಳಗಿನ ದಾರಗಳನ್ನು ಸಾಲಾಗಿ ಇಳಿಬಿಡಿ. ಖಿಪುವಿನ ಮೈಕಟ್ಟು ಇಷ್ಟೇ. ಅವರು ಹತ್ತಿಯ ದಾರ ಇಲ್ಲವೇ ಲಾಮಾ, ಅಲ್ಪಾಕಾ ಎಂಬ ಅಲ್ಲಿನ ಸಾಕುಪ್ರಾಣಿಗಳ ಉಣ್ಣೆ ಬಳಸುತ್ತಿದ್ದರು.

ಒಂದು ದಾರದಲ್ಲಿ 352 ಅಂತ ಕಟ್ಟೋಣ. ಮೇಲೆ, ಅಡ್ಡ ಹುರಿಗೆ ಹತ್ತಿರ, ಒತ್ತೊತ್ತಾಗಿ ಮೂರು ಸಾದಾ ಗಂಟು. ಅದು ನೂರರ ಸ್ಥಾನ. ಸ್ವಲ್ಪ ಜಾಗ ಬಿಟ್ಟು ಐದು ಸಾದಾ ಗಂಟು, ಹತ್ತರ ಸ್ಥಾನ. ಇನ್ನೂ ಕೆಳಗೆ ಬಿಡಿ ಸ್ಥಾನ. ಇಲ್ಲಿ ಗಂಟಿನ ಬಗೆಯೇ ಬೇರೆ. ಒಂದೇ ಗಂಟು, ಆದರೆ ಅದರೊಳಗೆ ದಾರವನ್ನು ಎರಡು ಸುತ್ತು ಸುತ್ತಿ ಎಳೆಯಬೇಕು. ಏಳು ಬೇಕಿದ್ದರೆ ಏಳು ಸುತ್ತು. ಇದನ್ನು ಉದ್ದ ಗಂಟು ಎನ್ನೋಣ. ಸಂಖ್ಯೆ 302 ಆಗಿದ್ದರೆ? ಹತ್ತರ ಜಾಗವನ್ನು ಖಾಲಿ ಬಿಟ್ಟರಾಯಿತು. ಆ ಖಾಲಿ ಜಾಗವೇ ಸೊನ್ನೆ.

ಬಿಡಿ ಸ್ಥಾನಕ್ಕೆ ಬೇರೆ ಗಂಟು ಯಾಕೆ? ಉದ್ದ ಗಂಟು ಬೆರಳಿಗೆ ಸಿಕ್ಕಿತೋ, ಅಲ್ಲಿಗೆ ಆ ಸಂಖ್ಯೆ ಮುಗಿಯಿತು. ಅದರ ಕೆಳಗೆ ಅದೇ ದಾರದಲ್ಲಿ ಇನ್ನೊಂದು ಸಂಖ್ಯೆ ಶುರು ಮಾಡಬಹುದು. ಆದರೆ ಬಿಡಿ ಸ್ಥಾನದಲ್ಲಿ 1 ಬಂದರೆ ಒಂದು ತೊಡಕು. ಒಂದೇ ಸುತ್ತಿನ ಉದ್ದ ಗಂಟು ಸಾದಾ ಗಂಟೇ ಆಗಿಬಿಡುತ್ತದೆ. ಅದಕ್ಕಾಗಿ 8ರ ಆಕಾರದ ಮೂರನೇ ಗಂಟೊಂದನ್ನು ಇಟ್ಟುಕೊಂಡರು. ಹುರಿ ಹಿಡಿದು ಕಟ್ಟಿ ನೋಡಿದರೆ ಇದರ ಹಿಂದಿನ ಯೋಚನೆ ಎಷ್ಟು ಚೊಕ್ಕ ಅಂತ ಕೈಗೇ ಗೊತ್ತಾಗುತ್ತದೆ.

ಈ ಲೆಕ್ಕದ ಗುಟ್ಟನ್ನು 1912ರಲ್ಲಿ ಬಿಡಿಸಿದವರು ಅಮೆರಿಕದ ಲೆಲೆಂಡ್ ಲಾಕ್. ಕೆಲವು ಖಿಪುಗಳಲ್ಲಿ ಇಳಿಬಿಟ್ಟ ದಾರಗಳ ಜೊತೆ ಮೇಲ್ಮುಖವಾಗಿ ಕಟ್ಟಿದ ಒಂದು ದಾರ ಇರುತ್ತದೆ. ಕೆಳಗಿನ ದಾರಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತ ಅದರಲ್ಲಿರುತ್ತದೆ. ಲೆಕ್ಕ ತಾಳೆಯಾದ ಮೇಲೆ ಇದು ಸುಮ್ನೆ ಊಹೆ ಅನ್ನುವ ಮಾತು ಉಳಿಯಲಿಲ್ಲ.

ಇದೆಲ್ಲ ಬಳಕೆಯಲ್ಲಿ ಹೇಗಿತ್ತು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ದೃಶ್ಯವಿದೆ. 1532ರ ನವೆಂಬರ್ 16ರಂದು ಸ್ಪೇನಿನಿಂದ ದಂಡೆತ್ತಿ ಬಂದ ಫ್ರಾನ್ಸಿಸ್ಕೊ ಪಿಜಾರೊ ಕಹಮಾರ್ಕ ಎಂಬ ಊರಿನಲ್ಲಿ ಇಂಕಾ ದೊರೆ ಅತಾವಾಲ್ಪನನ್ನು ಸೆರೆಹಿಡಿದ. ಮುಂದೆ ಪಿಜಾರೊನ ತಮ್ಮ ಎರ್ನಾಂಡೊ ಒಂದು ದಂಡು ಕಟ್ಟಿಕೊಂಡು ಕರಾವಳಿಯ ಕಡೆ ಹೊರಟ. ದಾರಿಯ ಉಗ್ರಾಣಗಳಲ್ಲಿ ಸೌದೆ, ಮೆಕ್ಕೆಜೋಳ, ಲಾಮಾಗಳನ್ನು ತೆಗೆದುಕೊಂಡ. ಆಗ ಉಗ್ರಾಣದವರು ಏನು ಮಾಡಿದರು ಅಂತ ಅವನೇ 1533ರ ಪತ್ರದಲ್ಲಿ ಬರೆದಿದ್ದಾನೆ. ಖಿಪುವಿನ ಒಂದು ಕಡೆ ಗಂಟು ಬಿಚ್ಚಿದರು, ಇನ್ನೊಂದು ಕಡೆ ಗಂಟು ಹಾಕಿದರು. ದೊರೆ ಸೆರೆಯಲ್ಲಿದ್ದಾನೆ, ಎದುರಿಗೆ ಕತ್ತಿ ಹಿಡಿದವರು ನಿಂತಿದ್ದಾರೆ. ಆದರೂ ದಾಸ್ತಾನು ಇಷ್ಟು ಕಡಿಮೆಯಾಯಿತು, ಇಂಥವರಿಗೆ ಇಷ್ಟು ಹೋಯಿತು ಅಂತ ನಮೂದು!

ಇಂಥ ನಮೂದುಗಳು ಮುಂದೆ ಕೋರ್ಟಿಗೂ ಬಂದವು. ಹೌಹಾ ಕಣಿವೆಯ ವಾಂಕಾ ಎಂಬ ಜನರ ನಾಯಕರು ಕುಸ್ಕೊದ ವಿರುದ್ಧ ಸ್ಪ್ಯಾನಿಷರ ಜೊತೆ ಸೇರಿದ್ದರು. ಕೊಟ್ಟದ್ದು ಎಷ್ಟು, ಸೈನಿಕರು ದೋಚಿದ್ದು ಎಷ್ಟು ಅಂತ 1533ರಿಂದಲೂ ಗಂಟು ಕಟ್ಟಿಟ್ಟಿದ್ದರು. 1561ರಲ್ಲಿ ಲಿಮಾದ ನ್ಯಾಯಾಲಯದಲ್ಲಿ ಖಿಪು ಹಿಡಿದು ಓದಿಸಿದರು, ಗುಮಾಸ್ತ ಸ್ಪ್ಯಾನಿಷಿನಲ್ಲಿ ಬರೆದುಕೊಂಡ. ಆ ಕಾಗದಗಳು ಉಳಿದಿವೆ. ಇಂಥ ಜನರನ್ನು ಅನಕ್ಷರಸ್ಥರು ಅಂತ ಒಂದೇ ಮಾತಲ್ಲಿ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

1583ರಲ್ಲಿ ಲಿಮಾದಲ್ಲಿ ಸೇರಿದ ಚರ್ಚ್ ಸಭೆ, ಹಳೆಯ ದೇವರುಗಳ ಪೂಜೆಗೆ ಸಂಬಂಧಿಸಿದ ಖಿಪುಗಳನ್ನು ನಾಶಮಾಡಲು ಹೇಳಿತು. ಈಗ ಜಗತ್ತಿನ ಮ್ಯೂಸಿಯಂಗಳಲ್ಲಿ ಮತ್ತು ಸಂಗ್ರಹಗಳಲ್ಲಿ ಸಾವಿರಕ್ಕೂ ಜಾಸ್ತಿ ಉಳಿದಿವೆ.

ಸಂಖ್ಯೆ ಓದಲು ಬಂದರೂ ಅದು ಯಾವುದರ ಸಂಖ್ಯೆ ಅನ್ನುವುದು ಇನ್ನೂ ಪೂರ್ತಿ ಬಿಡಿಸಿಲ್ಲ. 352 ಲಾಮಾಗಳೋ, 352 ಮನೆಗಳೋ? ಬಣ್ಣ, ದಾರದ ಹೊಸೆತ, ಗಂಟಿನ ದಿಕ್ಕು, ಇವುಗಳಲ್ಲಿ ಆ ಗುಟ್ಟು ಇರಬೇಕು. ಕಥೆ, ವಂಶಾವಳಿ ಹೇಳುವ ಖಿಪುಗಳೂ ಇದ್ದವು ಅಂತ ಹಳೆಯ ಸ್ಪ್ಯಾನಿಷ್ ಬರಹಗಳು ಹೇಳುತ್ತವೆ. 2017ರಲ್ಲಿ ಸಬೀನ್ ಹೈಲ್ಯಾಂಡ್ ಎಂಬ ಮಾನವಶಾಸ್ತ್ರಜ್ಞೆ ಕೊಲ್ಯಾಟ ಎಂಬ ಬೆಟ್ಟದ ಹಳ್ಳಿಯ ಎರಡು ಖಿಪುಗಳ ಬಗ್ಗೆ ಬರೆದರು. ಹಳ್ಳಿಯವರು ಅವನ್ನು ಮರದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರು. ಅವು ಸ್ಪ್ಯಾನಿಷರ ವಿರುದ್ಧದ ದಂಗೆಯ ಕಾಲದ ಪತ್ರಗಳು ಅಂತ ಹಿರಿಯರು ಹೇಳಿದರು. ಬಣ್ಣ, ನಾರು, ಹೊಸೆತದ ದಿಕ್ಕು ಸೇರಿಸಿ ಎಣಿಸಿದರೆ 95 ಬೇರೆ ಬೇರೆ ಗುರುತುಗಳು ಸಿಕ್ಕವು. ಬರೀ ಎಣಿಕೆಗೆ ಅಷ್ಟು ಬಗೆ ಬೇಕಿಲ್ಲ. ಯಾವ ಪ್ರಾಣಿಯ ಕೂದಲು ಅಂತ ತಿಳಿಯಲು ಕಣ್ಣು ಸಾಲದು, ಬೆರಳಿನಿಂದ ಮುಟ್ಟಬೇಕು ಅಂತ ಹಳ್ಳಿಯವರೇ ಆಕೆಗೆ ತೋರಿಸಿಕೊಟ್ಟರು. ಆದರೆ ಇವು ಸ್ಪ್ಯಾನಿಷರ ಕಾಲದವು. ಇಂಕಾ ದೊರೆಗಳ ಕಾಲದಲ್ಲೂ ಹೀಗೆಯೇ ಪತ್ರ ಕಟ್ಟುತ್ತಿದ್ದರು ಅಂತ ಇಷ್ಟರಿಂದಲೇ ಹೇಳಿಬಿಡಲು ಆಗುವುದಿಲ್ಲ.

ಲಿಮಾದ ಹಿಂದಿನ ಬೆಟ್ಟಗಳಲ್ಲಿ ತುಪಿಕೋಚ ಅಂತ ಇನ್ನೊಂದು ಹಳ್ಳಿಯಿದೆ. ಅಲ್ಲಿನ ಮನೆತನಗಳ ಗುಂಪುಗಳು ತಮ್ಮ ಹಿರಿಯರ ಖಿಪುಗಳನ್ನು ಕಾಪಾಡಿಕೊಂಡು ಬಂದಿವೆ. ಅದನ್ನು ಓದುವ ವಿದ್ಯೆ ಅಲ್ಲಿ ಈಗ ಯಾರಿಗೂ ಉಳಿದಿಲ್ಲ. ಆದರೂ ಜನವರಿಯಲ್ಲಿ ಊರಿನ ಸಭೆ ಸೇರಿ ಹೊಸಬರು ಅಧಿಕಾರ ವಹಿಸಿಕೊಳ್ಳುವಾಗ, ಆ ದಾರಗಳ ಗೊಂಚಲನ್ನು ಹೊರತಂದು ಅವರ ಹೆಗಲಿನಿಂದ ಸೊಂಟಕ್ಕೆ ಓರೆಯಾಗಿ ಹೊದಿಸುತ್ತಾರೆ.