ಯಾರೂ ಇಲ್ಲದ ಜೀಪಿನ ಸ್ಟೇರಿಂಗ್ ತಿರುಗಿಸಿದ್ದು ಯಾರು?

ಅರಿಜೋನಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗಿನ ಮಾತು. ಭಾವ ಒಂದು ಹಳೆಯ ಮೋಟರ್‌ಹೋಮ್ ಕೊಂಡಿದ್ದರು. ಬಸ್ಸಿನ ಹೊಟ್ಟೆಯೊಳಗೇ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುತ್ತಲ್ಲ, ಅದು. ಅಷ್ಟು ದೊಡ್ಡ ಗಾಡಿಯಲ್ಲಿ ಹಾಲು ತರಲು ಅಂಗಡಿಗೆ ಹೋಗೋಕಾಗಲ್ಲ. ಅದಕ್ಕೇ ಹಿಂದೆ ಒಂದು ಜೀಪನ್ನು ಕಟ್ಟಿಕೊಂಡು ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೊರಟೆವು. ಬೀದಿಯ ಮೊದಲನೇ ತಿರುವಿನಲ್ಲೇ ಹಿಂದಿನ ಕಿಟಕಿಯಿಂದ ಅಕ್ಕನ ಮಗಳು ಕೂಗಿದಳು: "ಮಾಮಾ, ಜೀಪಲ್ಲಿ ಯಾರೂ ಇಲ್ಲ, ಸ್ಟೇರಿಂಗ್ ತಾನೇ ತಿರುಗ್ತಿದೆ!"

ಅಕ್ಕನ ಮುಖ ಸಣ್ಣಗಾಯಿತು. ಹೊರಡುವಾಗ ಮೋಟರ್‌ಹೋಮಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಿದ್ದಳು, ಜೀಪಿಗೆ ಇಡುವುದು ಮರೆತಿದ್ದಳು. ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಭಾವ ಪಂಪ್ ದಾಟಿ ಮುಂದೆ ಹೋದರು. ಹತ್ತೇ ಅಡಿ ಅಲ್ವಾ ಅಂತ ರಿವರ್ಸ್ ಹಾಕಿದರು. ಜೀಪಿನ ಮುಂದಿನ ಚಕ್ರಗಳು ಗಕ್ಕನೆ ಒಂದು ಪಕ್ಕಕ್ಕೆ ಪೂರ್ತಿ ಹೊರಳಿಕೊಂಡವು, ಟೈರು ಕಿರ್ರೆಂದು ನೆಲಕ್ಕೆ ಉಜ್ಜಿತು, ಜೀಪನ್ನು ಮೋಟರ್‌ಹೋಮಿಗೆ ಕಟ್ಟಿದ್ದ ಸಲಾಕೆ, ಅಂದರೆ ಟೋ ಬಾರಿನ, ಒಂದು ತೋಳು ಬಾಗಿತು. ನಿಂಬೆಹಣ್ಣಿನ ಸಿದ್ಧಾಂತಕ್ಕೆ ಇನ್ನೇನು ಸಾಕ್ಷಿ ಬೇಕು? ನನಗಂತೂ ಮೈ ಉರಿಯಿತು. ದೆವ್ವವನ್ನೇ ಕರೆಯುವುದಾದರೆ ಅದಕ್ಕೊಂದು ಹೆಸರಿದೆ: ಕ್ಯಾಸ್ಟರ್.

ಕಾರಿನ ನಾಲ್ಕೂ ಚಕ್ರ ನೆಲದ ಮೇಲಿದ್ದು, ಟೋ ಬಾರಿನಿಂದ ಎಳೆಸಿಕೊಂಡು ಬಂದರೆ ಅದು ಫ್ಲ್ಯಾಟ್ ಟೋ. ಹಾಗೆ ಎಳೆಸಿಕೊಳ್ಳುವ ಕಾರನ್ನು ಅಮೆರಿಕದ ಮೋಟರ್‌ಹೋಮ್ ಮಂದಿ 'ಟೋಡ್' ಅನ್ನುತ್ತಾರೆ. ಎಳೆಸಿಕೊಂಡದ್ದು ಅನ್ನುವ ಇಂಗ್ಲಿಷ್ ಪದ ಅದು, ಉಚ್ಚಾರದಲ್ಲಿ ಕಪ್ಪೆಯ ಇಂಗ್ಲಿಷ್ ಹೆಸರೂ ಅದೇ. ಇಡೀ ಕಾರನ್ನು ಟ್ರೇಲರ್ ಮೇಲೆ ಹತ್ತಿಸಿ ಕಟ್ಟುವುದು ಇನ್ನೊಂದು ದಾರಿ. ಯಾವುದು ಅಗ್ಗ, ಯಾವುದು ಸುಲಭ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆದರೆ ತೀರ್ಮಾನ ಕೊಡಬೇಕಾದ್ದು ಕಾರು. ಚಕ್ರ ತಿರುಗಿದಾಗ ಅದರ ಜೊತೆ ಇನ್ನೇನೇನು ತಿರುಗುತ್ತದೆ ಅನ್ನುವುದೇ ಇಲ್ಲಿ ಪ್ರಶ್ನೆ.

ಮೊದಲು ದೆವ್ವ ಬಿಡಿಸೋಣ. ಆಫೀಸ್ ಕುರ್ಚಿಯ ಗಾಲಿ ನೋಡಿ. ಅದರ ಕಂಬ ಒಂದು ಕಡೆ, ಗಾಲಿ ನೆಲ ಮುಟ್ಟುವುದು ಇನ್ನೊಂದು ಕಡೆ. ಕುರ್ಚಿ ತಳ್ಳಿದ ಕೂಡಲೇ ಗಾಲಿ ಸುತ್ತಿ ಬಂದು ಕಂಬದ ಹಿಂದೆ ನಿಲ್ಲುತ್ತದೆ. ದಿಕ್ಕು ಬದಲಿಸಿ, ಮತ್ತೆ ಸುತ್ತಿ ಹಿಂದೆ ಬರುತ್ತದೆ. ಕಾರಿನಲ್ಲೂ ಇದೇ ಏರ್ಪಾಡು, ಅಷ್ಟು ಎದ್ದು ಕಾಣುವುದಿಲ್ಲ ಅಷ್ಟೇ. ಮುಂದಿನ ಚಕ್ರ ಯಾವ ಅಕ್ಷದ ಮೇಲೆ ಎಡಬಲ ಹೊರಳುತ್ತದೋ ಆ ಅಕ್ಷವನ್ನು ಸ್ವಲ್ಪ ಹಿಂದಕ್ಕೆ ವಾಲಿಸಿರುತ್ತಾರೆ. ಈ ವಾಲಿಕೆಯೇ ಕ್ಯಾಸ್ಟರ್. ಆ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಕೆಲವೇ ಸೆಂಟಿಮೀಟರ್ ಮುಂದೆ ತಾಗುತ್ತದೆ. ಕಾರು ಮುಂದೆ ಹೋಗುವಾಗ ಟೈರು ಅಕ್ಷದ ಹಿಂದೆ ಹಿಂದೆ ಬರುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದು ಬಹುಮಟ್ಟಿಗೆ ಇದರಿಂದಲೇ.

ಕರುವಿನ ಕೊರಳಿಗೆ ಹಗ್ಗ ಹಾಕಿ ಎಳೆಯಿರಿ. ನೀವು ಎಡಕ್ಕೆ ಹೋದರೆ ಕರುವಿನ ಮೂತಿ ಎಡಕ್ಕೆ. ಅದೇ ಹಗ್ಗ ಹಿಡಿದು ಕರುವನ್ನು ಹಿಂದಕ್ಕೆ ತಳ್ಳಿ ನೋಡೋಣ! ಕರು ಬೇಡ ಅಂದರೆ ಮೇಜಿನ ಮೇಲೆ ಪೆನ್ನಿಡಿ. ಒಂದು ತುದಿಗೆ ಬೆರಳಿಟ್ಟು ಎಳೆದರೆ ಪೆನ್ನು ಬಾಲದಂತೆ ನೆಟ್ಟಗೆ ಬರುತ್ತದೆ. ಅದೇ ತುದಿಯಿಂದ ಮುಂದಕ್ಕೆ ತಳ್ಳಿದರೆ ಕೂದಲೆಳೆಯಷ್ಟು ವಾಲಿದ್ದು ನೋಡನೋಡುತ್ತ ಪೂರ್ತಿ ಅಡ್ಡ ತಿರುಗುತ್ತದೆ. ಎಳೆದಾಗ ತಪ್ಪು ತಾನೇ ಸರಿಹೋಗುತ್ತದೆ, ತಳ್ಳಿದಾಗ ತಪ್ಪು ತಪ್ಪನ್ನೇ ಸಾಕುತ್ತದೆ. ಬೆಳಿಗ್ಗೆ ಸ್ಟೇರಿಂಗ್ ತಿರುಗಿಸಿದ ದೆವ್ವವೂ ಮಧ್ಯಾಹ್ನ ಟೋ ಬಾರ್ ಬಾಗಿಸಿದ ದೆವ್ವವೂ ಒಂದೇ.

ಈ ವಾಲಿಕೆ ಹೊಸದೇನಲ್ಲ. ಫ್ರಾನ್ಸಿನ ಆರ್ಥರ್ ಕ್ರೆಬ್ಸ್ 1896ರಲ್ಲೇ ಇದನ್ನು ಕಾರಿಗಾಗಿ ಪೇಟೆಂಟ್ ಮಾಡಿಸಿದ್ದ. ಬ್ರಿಟನ್ನಿನ ರಸಾಯನವಿಜ್ಞಾನಿ ಡೇವಿಡ್ ಜೋನ್ಸ್ ಕತೆ ಇನ್ನೂ ಮಜಾ. ಯಾರೂ ಓಡಿಸಲಾಗದ ಸೈಕಲ್ ಮಾಡುತ್ತೇನೆ ಅಂತ ಹಠ ಹಿಡಿದ. ಬುಗುರಿಯ ಗುಣದಿಂದ ಸೈಕಲ್ ನಿಲ್ಲುತ್ತದೆ ಅನ್ನುತ್ತಾರಲ್ಲ, ಅದನ್ನು ಕಳೆಯಲು ಉಲ್ಟಾ ತಿರುಗುವ ಇನ್ನೊಂದು ಚಕ್ರ ಜೋಡಿಸಿದ. ಸೈಕಲ್ ಆರಾಮಾಗಿ ಓಡಿತು. ಮುಂದಿನ ಚಕ್ರವನ್ನು ಇನ್ನಷ್ಟು ಮುಂದಕ್ಕೆ ತಳ್ಳಿ, ಹಿಂದೆ ಬರುವ ಗುಣವನ್ನೇ ಕೆಡಿಸಿದಾಗ ಮಾತ್ರ ಅದು ಹತ್ತಿದವರನ್ನು ಸತಾಯಿಸಿತು. 1970ರಲ್ಲಿ ಇದನ್ನು 'ಫಿಸಿಕ್ಸ್ ಟುಡೇ'ಯಲ್ಲಿ ಬರೆದ. 2011ರಲ್ಲಿ ಕಾರ್ನೆಲ್ ಮತ್ತು ಡೆಲ್ಫ್ಟ್ ವಿಜ್ಞಾನಿಗಳು ಇವೆರಡೂ ಗುಣ ಇಲ್ಲದ ಸೈಕಲ್ಲೂ ತಾನಾಗಿ ನಿಲ್ಲಬಲ್ಲದು ಅಂತ ತೋರಿಸಿ ಜೋನ್ಸ್ ಕತೆಗೂ ಬಾಲ ಅಂಟಿಸಿದರು. ಇರಲಿ, ಸೈಕಲ್ ಹತ್ತಿ ಎಲ್ಲಿಗೋ ಹೊರಟೆ.

ಟ್ರೇಲರನ್ನೂ ರಿವರ್ಸಿನಲ್ಲಿ ತಳ್ಳುವುದೇ ಅಲ್ವಾ ಅನ್ನಬಹುದು. ಹೌದು, ಆದರೆ ಅಲ್ಲಿರುವುದು ಒಂದೇ ಕೀಲು. ಅದು ಹೊರಳಿದಾಗ ಚಾಲಕ ಸ್ಟೇರಿಂಗಿನಿಂದ ಸರಿಪಡಿಸಬಹುದು. ಫ್ಲ್ಯಾಟ್ ಟೋನಲ್ಲಿ ಆ ಕೀಲಿನ ಆಚೆ ಇನ್ನೊಂದು ಸಡಿಲ ಜೋಡಿ ಇದೆ: ಜೀಪಿನದೇ ಮುಂದಿನ ಚಕ್ರಗಳು. ಅವುಗಳ ಲಗಾಮು ಯಾರ ಕೈಯಲ್ಲೂ ಇಲ್ಲ. ಹಿಂದೆ ಹೋಗಲೇಬೇಕಾದರೆ ಇಳಿದು ಜೀಪನ್ನು ಬಿಚ್ಚಬೇಕು. ಭಾವ ಈಗ ಬಿಚ್ಚುತ್ತಾರೆ.

ಇನ್ನು ನನ್ನ ತಾಳ್ಮೆ ಕೆಡಿಸುವ ಮಾತು: "ನ್ಯೂಟ್ರಲ್‌ಗೆ ಹಾಕಿದ್ರೆ ಆಯ್ತು, ಯಾವ ಕಾರನ್ನಾದ್ರೂ ಎಳೀಬಹುದು." ನ್ಯೂಟ್ರಲ್ ಬಿಡಿಸುವುದು ಎಂಜಿನ್ನನ್ನು. ಗೇರ್‌ಬಾಕ್ಸಿನ ಚಕ್ರದ ಕಡೆಯ ಅರ್ಧ ತಿರುಗುತ್ತಲೇ ಇರುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ಅದಕ್ಕೆ ಎಣ್ಣೆ ಕೊಡುವ ಪಂಪ್ ಎಂಜಿನ್ ಓಡಿದರೆ ಮಾತ್ರ ಓಡುತ್ತದೆ. ಎಂಜಿನ್ ಆಫ್ ಮಾಡಿ ನೂರಾರು ಮೈಲಿ ಎಳೆದರೆ ಒಳಗಿನ ಲೋಹ ಒಣಗಿಕೊಂಡೇ ತಿರುಗುತ್ತದೆ, ಎಣ್ಣೆಯಿಲ್ಲದ ಬಾಣಲೆಯಲ್ಲಿ ದೋಸೆ ಹುಯ್ದ ಹಾಗೆ. ಹಿಂದಿನ ಕಾಲದ ಹಲವು ಅಮೆರಿಕನ್ ಆಟೋಮ್ಯಾಟಿಕ್‌ಗಳಲ್ಲಿ ಚಕ್ರದ ಕಡೆಯಿಂದಲೇ ಓಡುವ ಎರಡನೇ ಪಂಪ್ ಇತ್ತು. ಆಗ ಆಟೋಮ್ಯಾಟಿಕ್ ಕಾರನ್ನೂ ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು! 1960ರ ದಶಕದಲ್ಲಿ ಕಂಪನಿಗಳು ಖರ್ಚು ಉಳಿಸಲು ಅದನ್ನು ಕಿತ್ತು ಹಾಕಿದವು.

ಮ್ಯಾನ್ಯುಯಲ್ ಗೇರಾದರೆ ಪರವಾಗಿಲ್ಲವೇ? ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಕೆಲವದರಲ್ಲಿ ತಿರುಗುವ ಹಲ್ಲಿನ ಚಕ್ರ ಎಣ್ಣೆಯಲ್ಲಿ ಮುಳುಗಿ ಎಲ್ಲ ಕಡೆ ಎರಚುತ್ತದೆ. ಕೆಲವದರಲ್ಲಿ ಎಣ್ಣೆ ಎರಚುವ ಶಾಫ್ಟೇ ನ್ಯೂಟ್ರಲ್‌ನಲ್ಲಿ ಸುಮ್ನೆ ನಿಂತಿರುತ್ತದೆ. ಕಾರಿನ ಜೊತೆ ಬರುವ ಪುಸ್ತಕ ತೆಗೆದು ಓದುವುದೊಂದೇ ದಾರಿ. ಹೆಸರು ನೋಡಿ ಕೊಂಡರೂ ಏಮಾರಬಹುದು. ಹೋಂಡಾ ಸಿಆರ್-ವಿ ಹಿಂದೆ ಮೋಟರ್‌ಹೋಮ್ ಮಂದಿಯ ಮುದ್ದಿನ ಕಾರಾಗಿತ್ತು. 2015ರ ಮಾದರಿಯಿಂದ ಗೇರ್‌ಬಾಕ್ಸ್ ಸಿವಿಟಿ (ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ಓಡುವಂಥದ್ದು) ಆಯಿತು, ಫ್ಲ್ಯಾಟ್ ಟೋ ಮುಗಿಯಿತು.

ಜೀಪ್ ರ‍್ಯಾಂಗ್ಲರ್ ಯಾಕೆ ಅಷ್ಟು ಜನಪ್ರಿಯ ಅಂದರೆ, ಗೇರ್‌ಬಾಕ್ಸ್ ಮತ್ತು ಚಕ್ರಗಳ ನಡುವೆ ಟ್ರಾನ್ಸ್‌ಫರ್ ಕೇಸ್ ಅನ್ನುವ ಇನ್ನೊಂದು ಪೆಟ್ಟಿಗೆ ಇದೆ. ಅದಕ್ಕೆ ತನ್ನದೇ ನ್ಯೂಟ್ರಲ್ ಉಂಟು. ಅದನ್ನು ಹಾಕಿದರೆ ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ಆಟೋಮ್ಯಾಟಿಕ್ ಜೀಪಿನ ಗೇರನ್ನು 'ಪಾರ್ಕ್'ನಲ್ಲಿಟ್ಟೇ ಎಳೆಯುತ್ತಾರೆ! ಗೇರ್‌ಬಾಕ್ಸ್ ಒಳಗೆ ನಿದ್ದೆ, ಚಕ್ರಗಳು ಹೊರಗೆ ಓಟ.

ಎಲೆಕ್ಟ್ರಿಕ್ ಕಾರು? ಸಾಮಾನ್ಯವಾಗಿ ಮೋಟರ್ ಮತ್ತು ಚಕ್ರದ ನಡುವೆ ಬಿಡಿಸುವ ವ್ಯವಸ್ಥೆಯೇ ಇಲ್ಲ. ಚಕ್ರ ತಿರುಗಿದರೆ ಒಳಗಿನ ಅಯಸ್ಕಾಂತ ತಿರುಗುತ್ತದೆ, ಮೋಟರೇ ಸೈಕಲ್ಲಿನ ಡೈನಮೊದಂತೆ ಆಗುತ್ತದೆ, ಬೇಡದ ಕರೆಂಟು ಹುಟ್ಟಿ ಬಿಸಿ ಏರುತ್ತದೆ. ಟ್ರೇಲರ್ ಹತ್ತಿಸಿ, ವಾದ ಬೇಡ.

ಹಾಗಾದರೆ ಎಲ್ಲರೂ ಟ್ರೇಲರನ್ನೇ ತಗೊಳ್ಳಬಹುದಲ್ಲ? ಲೆಕ್ಕ ನೋಡಿ. ಪೆಟ್ರೋಲಿನ ಎಷ್ಟೋ ಮೋಟರ್‌ಹೋಮ್‌ಗಳ ಹಿಂದಿನ ಕೊಕ್ಕೆ ಎಳೆಯಬಹುದಾದ್ದು 5,000 ಪೌಂಡ್, ಸುಮಾರು 2,270 ಕೆಜಿ. ಕಾರು 1,500 ಕೆಜಿ ಅಂದುಕೊಳ್ಳಿ. ಟ್ರೇಲರ್ ತಾನೇ 900 ಕೆಜಿ ತೂಗಿದರೆ ಮಿತಿ ದಾಟಿತು. ಮೇಲಾಗಿ ಒಟ್ಟು ಭಾರದ ಶೇಕಡಾ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕು. ಕಾರನ್ನು ಜಾಸ್ತಿ ಹಿಂದೆ ನಿಲ್ಲಿಸಿ ಕಟ್ಟಿದರೆ ವೇಗ ಏರಿದಂತೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಕ್ಯಾಂಪಿನಲ್ಲಿ ಆ ಖಾಲಿ ಟ್ರೇಲರ್ ನಿಲ್ಲಿಸಲು ಜಾಗ ಹುಡುಕುವ ಪಾಡು ಬೇರೆ. ಕೊಕ್ಕೆಗೆ ಬಲವಿದ್ದು ಜಾಗವೂ ಇದ್ದರೆ ಟ್ರೇಲರ್ ಒಳ್ಳೆಯದೇ. ಕಾರಿನ ಒಂದು ಕಿಲೋಮೀಟರೂ ಸವೆಯುವುದಿಲ್ಲ.

ಎರಡರಲ್ಲೂ ಬ್ರೇಕ್ ಮರೆಯಬಾರದು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರಿನಲ್ಲಿರುವ ಶಕ್ತಿ, ಅದೇ ಕಾರು 39 ಮೀಟರ್ ಎತ್ತರದಿಂದ, ಅಂದರೆ ಸುಮಾರು ಹದಿಮೂರನೇ ಮಹಡಿಯಿಂದ, ಬಿದ್ದಾಗ ಇರುವಷ್ಟೇ. ಅದೆಲ್ಲ ಮೋಟರ್‌ಹೋಮಿನ ಬ್ರೇಕಿನ ಮೇಲೆ ಬಂದು ಬೀಳಬಾರದು ಅಂತ ಜೀಪಿನ ಡ್ರೈವರ್ ಸೀಟಿನ ಮುಂದೆ ಒಂದು ಪೆಟ್ಟಿಗೆ ಇಡುತ್ತಾರೆ. ಮೋಟರ್‌ಹೋಮ್ ನಿಧಾನವಾದರೆ ಅದು ಗ್ರಹಿಸಿ, ಸಣ್ಣ ತೋಳು ಚಾಚಿ ಜೀಪಿನ ಬ್ರೇಕ್ ಪೆಡಲ್ ಒತ್ತುತ್ತದೆ.

ಟೋ ಬಾರ್ ಬದಲಿಸಿದ ಮೇಲೆ ನಾನು ಒಂದು ಗಂಟೆ ಕೂತು, ಪೆನ್ನು ಹಿಡಿದು, ಅಕ್ಕನಿಗೆ ಇಷ್ಟನ್ನೂ ವಿವರಿಸಿದೆ. ತಲೆಯಾಡಿಸಿ ಕೇಳಿದಳು. ಮರುದಿನ ಹೊರಡುವಾಗ ನೋಡುತ್ತೇನೆ, ಜೀಪಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು, ಬ್ರೇಕ್ ಒತ್ತುವ ಆ ಪೆಟ್ಟಿಗೆಗೆ ಅರಿಶಿನ ಕುಂಕುಮ.