ತಪ್ಪಿದ ಏಟುಗಳನ್ನು ಎಣಿಸಿ ನೋಡಿ: ಜಿಮ್ಮಿ ಯಂಗ್ ಬಗ್ಗೆ ಟಿಪ್ಪಣಿ

ನಮ್ಮ ಬಾಕ್ಸಿಂಗ್ ಬ್ಯಾಚಿನಲ್ಲಿ ಮುಹಮ್ಮದ್ ಅಲಿ, ಜಾರ್ಜ್ ಫೋರ್ಮನ್, ಜೋ ಫ್ರೇಜಿಯರ್ ಹೆಸರು ಎಲ್ಲರ ಬಾಯಲ್ಲೂ ಇದೆ. ಜಿಮ್ಮಿ ಯಂಗ್ ಅಂದರೆ ಮಾತ್ರ "ಅವನ್ಯಾರು?" ಅಂತಾರೆ. ಹೋದ ವಾರ ಅಲಿ ಜೊತೆಗಿನ ಅವನ ಪಂದ್ಯವನ್ನು ಆರು ಜನ ಒಂದೇ ಮೊಬೈಲಿನಲ್ಲಿ ನೋಡಲು ಕೂತೆವು. ಐದನೇ ರೌಂಡಿಗೆ ಇಬ್ಬರು ಮಂಡಕ್ಕಿ ತರುತ್ತೇವೆ ಅಂತ ಎದ್ದು ಹೋದರು. "ಹೊಡೆಯೋದೇ ಇಲ್ವಲ್ಲೋ, ಬರೀ ತಪ್ಪಿಸ್ಕೊಳ್ತಾನೆ" ಅನ್ನುವುದು ಅವರ ದೂರು. ಆ ದೂರಿಗೆ ಉತ್ತರವಾಗಿ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಮೊದಲು ಆಳಿನ ಪರಿಚಯ. ಯಂಗ್ ಹುಟ್ಟಿದ್ದು 1948ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಹೆವಿವೇಟ್, ಅಂದರೆ ಅತಿ ತೂಕದವರ ವಿಭಾಗದ ಬಾಕ್ಸರ್. ಕೈಯಲ್ಲಿ ಅಂಥ ಬಲ ಇರಲಿಲ್ಲ. 1973ರಲ್ಲಿ ಅರ್ನಿ ಶೇವರ್ಸ್ ಇವನನ್ನು ಮೂರೇ ರೌಂಡಿಗೆ ಮುಗಿಸಿದ್ದ. ಶೇವರ್ಸ್ ಅಂದರೆ ಆ ಕಾಲದ ಅತಿ ಭಾರದ ಕೈ. ಮುಂದಿನ ವರ್ಷ ಅದೇ ಶೇವರ್ಸ್ ಜೊತೆ ಆಡಿ ಡ್ರಾ ಮಾಡಿಕೊಂಡ. ಒಮ್ಮೆ ನೆಲಕ್ಕೆ ಬಿದ್ದವನು ಮರುವರ್ಷ ಅದೇ ಕೈಗಳಿಂದ ತಪ್ಪಿಸಿಕೊಂಡು ನಿಂತನಲ್ಲ, ನನಗೆ ಯಂಗ್ ಮೇಲೆ ಆಸಕ್ತಿ ಹುಟ್ಟಿದ್ದು ಅಲ್ಲಿಂದ.

ಈಗ ಅಲಿ ಪಂದ್ಯ, ವಿಶ್ವ ಚಾಂಪಿಯನ್ ಬೆಲ್ಟ್‌ಗಾಗಿ ನಡೆದದ್ದು. 1976ರ ಏಪ್ರಿಲ್ 30, ಮೇರಿಲ್ಯಾಂಡಿನ ಲ್ಯಾಂಡೋವರ್, 15 ರೌಂಡ್. ಅಲಿ 230 ಪೌಂಡ್ ತೂಗುತ್ತಿದ್ದ, ಅಂದರೆ ಸುಮಾರು 104 ಕಿಲೋ. ಅಲ್ಲಿಯವರೆಗೆ ಅಷ್ಟು ತೂಕದಲ್ಲಿ ಅವನು ರಿಂಗಿಗೆ ಇಳಿದಿರಲೇ ಇಲ್ಲ. ಯಂಗ್‌ನನ್ನು ಹಗುರವಾಗಿ ತೆಗೆದುಕೊಂಡಿದ್ದ ಅನ್ನುವುದು ಹೊಟ್ಟೆ ನೋಡಿದರೇ ಗೊತ್ತಾಗುತ್ತದೆ. ಇಬ್ಬರು ಜಡ್ಜ್ ಮತ್ತು ರೆಫರಿ, ಮೂವರೂ ಪಂದ್ಯವನ್ನು ಅಲಿಗೇ ಕೊಟ್ಟರು. ಕೂತಿದ್ದ ಜನ ಬೂ ಅಂದರು. ಇವತ್ತಿಗೂ ಆ ತೀರ್ಪಿನ ಬಗ್ಗೆ ಜಗಳ ನಿಂತಿಲ್ಲ.

ನಾನು ಅದನ್ನು ಎರಡನೇ ಸಲ ನೋಡುವಾಗ ಸೌಂಡ್ ಪೂರ್ತಿ ತೆಗೆದೆ. ಕಾಮೆಂಟರಿಯವರಿಗೆ ಅಲಿ ಕೈ ಎತ್ತಿದರೂ ಸಂಭ್ರಮ, ನಮ್ಮ ಕಣ್ಣೂ ಅದರ ಹಿಂದೆಯೇ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿಕೊಂಡೆ. ಅಲಿಯ ಏಟು ತಾಗಿದರೆ ಒಂದು ಗೆರೆ, ಗಾಳಿಗೆ ಹೋದರೆ ಇನ್ನೊಂದು ಸಾಲಿನಲ್ಲಿ ಗೆರೆ. ಮೂರು ರೌಂಡ್ ಆಗುವಷ್ಟರಲ್ಲಿ ಗಾಳಿಯ ಸಾಲು ಪುಟದ ಅಂಚಿಗೆ ಬಂದಿತ್ತು. ನೀವೂ ಮಾಡಿ ನೋಡಿ. ನನ್ನ ಲೆಕ್ಕವನ್ನೇ ನಂಬಬೇಕಿಲ್ಲ.

ಹಾಗಾದರೆ ಯಂಗ್ ಗೆದ್ದ ಅಂತಲೇ ಹೇಳಬೇಕಾ? ಹಾಗೆ ಹೇಳಲು ನನಗೂ ಧೈರ್ಯ ಸಾಲದು. ಅವನದೊಂದು ಕೆಟ್ಟ ಚಾಳಿ ಇತ್ತು. ಅಲಿ ಒತ್ತಿಕೊಂಡು ಬಂದಾಗ ತಲೆಯನ್ನು ರಿಂಗಿನ ಸುತ್ತಲಿನ ರೋಪ್‌ನ ಆಚೆಗೆ ಹಾಕಿಬಿಡುತ್ತಿದ್ದ. ತಲೆ ಹೊರಗಿದ್ದರೆ ರೆಫರಿ ಇಬ್ಬರನ್ನೂ ಬಿಡಿಸಲೇಬೇಕು. ಒಂದಲ್ಲ ಎರಡಲ್ಲ, ಹಲವು ಸಲ ಹೀಗೆ ಮಾಡಿದ. ಒಮ್ಮೆಯಂತೂ ರೆಫರಿ, ನೆಲಕ್ಕೆ ಬಿದ್ದವನಿಗೆ ಎಣಿಸುವ ಹಾಗೆ, ಎಣಿಕೆಯನ್ನೇ ಶುರು ಮಾಡಿದ. ಚಾಂಪಿಯನ್ ಕೈಯಿಂದ ಬೆಲ್ಟ್ ಕಿತ್ತುಕೊಳ್ಳಲು ಬಂದವನು ಕಿಟಕಿಯಿಂದ ಇಣುಕಿದ ಹಾಗೆ ತಲೆ ಹೊರಹಾಕಿ ನಿಂತರೆ ಜಡ್ಜ್‌ಗೆ ಏನನ್ನಿಸಬೇಕು ಹೇಳಿ?

ಅಂಕ ಕೊಡುವಾಗ ಜಡ್ಜ್ ನಾಲ್ಕು ವಿಷಯ ನೋಡಬೇಕು ಅಂತ ನಾವೆಲ್ಲ ಓದಿದ್ದೇವೆ: ಸ್ವಚ್ಛವಾಗಿ ತಾಗಿದ ಏಟು, ಫಲ ಕೊಡುವ ಆಕ್ರಮಣ, ರಿಂಗಿನ ಮೇಲಿನ ಹಿಡಿತ, ರಕ್ಷಣೆ. ರಕ್ಷಣೆ ಪಟ್ಟಿಯಲ್ಲೇನೋ ಇದೆ. ಆದರೆ ತಾಗದ ಏಟಿಗೆ ಸದ್ದಿಲ್ಲ. ಮುಂದೆ ನುಗ್ಗುವವನು ಕಣ್ಣಿಗೆ ಬೀಳುತ್ತಾನೆ, ಪಕ್ಕಕ್ಕೆ ಅರ್ಧ ಹೆಜ್ಜೆ ಸರಿಯುವವನು ಬೀಳುವುದಿಲ್ಲ. ಯಂಗ್‌ಗೆ ಆದ ನಷ್ಟದಲ್ಲಿ ಅರ್ಧ ಇದರದ್ದು, ಅರ್ಧ ಅವನ ತಲೆಯದ್ದು.

ನಿಜವಾಗಿ ಕಲಿಯಬೇಕಾದ ಪಂದ್ಯ ಫೋರ್ಮನ್ ಜೊತೆಗಿನದು. 1977ರ ಮಾರ್ಚ್ 17, ಪೋರ್ಟೊ ರಿಕೊದ ಸ್ಯಾನ್ ಹುವಾನ್, 12 ರೌಂಡ್. ಅದಕ್ಕೂ ಮುಂಚೆ ಫೋರ್ಮನ್ ಸೋತಿದ್ದು ಒಂದೇ ಒಂದು ಸಲ, 1974ರಲ್ಲಿ ಅಲಿ ಕೈಲಿ.

ಅಂಥ ಫೋರ್ಮನ್‌ನನ್ನು ಯಂಗ್ ತಡೆದ ಬಗೆಯನ್ನು ವಿವರಿಸಲು ನನಗೆ ನಮ್ಮೂರ ಕೋಟೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಚಿತ್ರದುರ್ಗದವರಿಗೆ ಇದು ಹೊಸದೇನಲ್ಲ, ಬೆಳಗಿನ ಓಟಕ್ಕೆ ಹೋಗುವ ಜಾಗ. ಒಂದು ಬಾಗಿಲು ದಾಟಿದರೆ ದಾರಿ ನೇರ ಹೋಗುವುದಿಲ್ಲ, ಎದುರಿಗೆ ಗೋಡೆ ಬರುತ್ತದೆ. ಹೊರಳಬೇಕು. ಮತ್ತೆ ಬಾಗಿಲು, ಮತ್ತೆ ತಿರುವು. ಬಾಗಿಲು ಮುರಿಯಲು ಆನೆ ತಂದರೂ ಅದಕ್ಕೆ ಓಡಿ ಬರಲು ನೇರ ಜಾಗವೇ ಸಿಗಬಾರದು. ಅಲ್ಲಿ ಗೋಡೆಯ ದಪ್ಪದಷ್ಟೇ ದಾರಿಯ ಡೊಂಕೂ ಕೆಲಸ ಮಾಡುತ್ತದೆ.

ಫೋರ್ಮನ್ ಆ ಆನೆ. ಎರಡೂ ಕೈ ಚಾಚಿ ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತಾನೆ. ತಳ್ಳಿದಾಗ ಅವನ ದೊಡ್ಡ ಹುಕ್‌ಗೆ (ಪಕ್ಕದಿಂದ ಬೀಸುವ ಏಟಿಗೆ) ಬೇಕಾದ ಅಳತೆ ಸರಿಯಾಗಿ ಸಿಗುತ್ತದೆ. ಯಂಗ್ ಆ ಅಳತೆಯಲ್ಲಿ ನಿಲ್ಲಲೇ ಇಲ್ಲ. ಒಂದೋ ಜ್ಯಾಬ್ (ಮುಂದಿನ ಕೈಯ ನೇರ ಏಟು) ಮುಟ್ಟದಷ್ಟು ದೂರ, ಇಲ್ಲವೇ ಎದೆಗೆ ಎದೆ ಒರಗುವಷ್ಟು ಹತ್ತಿರ. ಹತ್ತಿರ ಬಂದಾಗ ಸುಮ್ನೆ ಅಪ್ಪಿಕೊಂಡು ನೇತಾಡುತ್ತಿರಲಿಲ್ಲ. ಹಿಡಿದವನೇ ಫೋರ್ಮನ್‌ನನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತಿದ್ದ. ರೆಫರಿ ಬಿಡಿಸುವಷ್ಟರಲ್ಲಿ ಫೋರ್ಮನ್ ಕಾಲು ಅಡ್ಡಾದಿಡ್ಡಿ. ಮತ್ತೆ ನೆಟ್ಟಗೆ ನಿಂತು ಗುರಿ ಹಿಡಿಯಬೇಕು. ಅಷ್ಟರೊಳಗೆ ಯಂಗ್‌ನ ಎರಡು ಸಣ್ಣ ಏಟು ಬಿದ್ದಿರುತ್ತಿದ್ದವು.

7ನೇ ರೌಂಡಿನಲ್ಲಿ ಆನೆ ಒಳಗೆ ಬಂತು. ಯಂಗ್ ತೂರಾಡಿದ. ನಮ್ಮಲ್ಲಿ ಯಾರಾದರೂ ಆಗಿದ್ದರೆ ರೋಪ್‌ಗೆ ಒರಗಿ ಕಣ್ಣು ಮುಚ್ಚುತ್ತಿದ್ದೆವು. ಅವನು ಹಿಡಿದುಕೊಂಡ, ಬಾಗಿದ, ಸಮಯ ಕಳೆದ, ಆ ರೌಂಡ್ ದಾಟಿದ. ಕೊನೆಯ ರೌಂಡಿನಲ್ಲಿ ನೆಲ ಮುಟ್ಟಿದ್ದು ಫೋರ್ಮನ್. ಮೂವರ ತೀರ್ಪೂ ಯಂಗ್ ಕಡೆಗೇ ಬಂತು. ಆ ವರ್ಷದ ಶ್ರೇಷ್ಠ ಪಂದ್ಯ ಅಂತ 'ದಿ ರಿಂಗ್' ಪತ್ರಿಕೆ ಆರಿಸಿದ್ದೂ ಇದನ್ನೇ. ಸೋತ ಫೋರ್ಮನ್ ಡ್ರೆಸಿಂಗ್ ರೂಮಿನಲ್ಲಿ ದೇವರ ಅನುಭವ ಆಯ್ತು ಅಂತ ಹೇಳಿ ಹತ್ತು ವರ್ಷ ಬಾಕ್ಸಿಂಗ್ ಬಿಟ್ಟ. ಕಥೆ ಹೇಳುವವರೆಲ್ಲ ಆ ದೇವರ ಮಾತನ್ನೇ ಹೇಳುತ್ತಾರೆ. ಅವನನ್ನು ಆ ಸ್ಥಿತಿಗೆ ತಂದವನ ಹೆಸರು ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ!

ಆಮೇಲಿನದು ಇಳಿಜಾರು. 1977ರ ನವೆಂಬರ್ 5ರಂದು ಇನ್ನೊಬ್ಬ ಹೆವಿವೇಟ್ ಕೆನ್ ನಾರ್ಟನ್ ಎದುರು 15 ರೌಂಡ್ ಆಡಿ, ಜಡ್ಜ್‌ಗಳೇ ಒಮ್ಮತಕ್ಕೆ ಬಾರದ ತೀರ್ಪಿನಲ್ಲಿ ಸೋತ. ಮರುವರ್ಷ ಅದೇ ಗೆಲುವಿನ ಲೆಕ್ಕದಲ್ಲಿ ನಾರ್ಟನ್‌ಗೆ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಚಾಂಪಿಯನ್ ಬೆಲ್ಟ್ ಸಿಕ್ಕಿತು. ಒಬ್ಬ ಜಡ್ಜ್‌ನ ಚೀಟಿ ಬೇರೆ ಆಗಿದ್ದರೆ ಆ ಬೆಲ್ಟ್ ಯಂಗ್ ಸೊಂಟಕ್ಕೆ ಬರುತ್ತಿತ್ತು, ಅಲ್ವಾ? ನಂತರ ಅವನ ಮೈಯೂ ಮೊದಲಿನ ಹಾಗೆ ಉಳಿಯಲಿಲ್ಲ. ಓಸಿ ಒಕಾಸಿಯೊಗೆ ಎರಡು ಸಲ ಸೋತ. 1980ರಲ್ಲಿ ಗೆರಿ ಕೂನಿ ನಾಲ್ಕೇ ರೌಂಡಿಗೆ ಅವನನ್ನು ಮುಗಿಸಿದ. ತೀರಿಕೊಂಡಿದ್ದು 2005ರಲ್ಲಿ. ದಾಖಲೆಯಲ್ಲಿ ಸೋಲಿನ ಸಂಖ್ಯೆ ನೋಡಿ "ಸಾಧಾರಣ" ಅನ್ನುವವರು 1974ರಿಂದ 1977ರವರೆಗಿನ ಪುಟಗಳನ್ನು ಬಿಡಿಸಿ ಓದಬೇಕು. ರಾನ್ ಲೈಲ್‌ನಂಥ ಗಟ್ಟಿ ಹೆವಿವೇಟನ್ನು ಎರಡು ಸಲ ಸೋಲಿಸಿದ್ದೂ ಆ ಪುಟಗಳಲ್ಲೇ ಇದೆ.

ಅಭ್ಯಾಸಕ್ಕೆ ಬರೋಣ. ನಾವು ಬೇವಿನ ಮರಗಳ ನಡುವೆ ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತೇವಲ್ಲ, ಭುಜದ ಎತ್ತರಕ್ಕೆ? ಅದರ ಕೆಳಗೆ ಆಚೆ ಈಚೆ ಹೋಗುವಾಗ ನಾನು ಸೊಂಟ ಬಗ್ಗಿಸಿ ನೆಲ ನೋಡುತ್ತಿದ್ದೆ. ಹಗ್ಗಕ್ಕೆ ತಲೆ ತಾಗುತ್ತಿರಲಿಲ್ಲ, ಖುಷಿಯಾಗಿದ್ದೆ. ಸ್ಪಾರಿಂಗಿನಲ್ಲಿ, ಅಂದರೆ ಅಭ್ಯಾಸದ ಜೋಡಿ ಆಟದಲ್ಲಿ, ಹಾಗೇ ಬಗ್ಗಿದಾಗ ಕೆಳಗಿನಿಂದ ಬಂದ ಅಪ್ಪರ್‌ಕಟ್‌ಗೆ ತುಟಿ ಒಡೆಯಿತು. ಯಂಗ್ ಎಷ್ಟು ಕೆಳಗೆ ಹೋದರೂ ಕಣ್ಣು ಎದುರಾಳಿಯ ಎದೆ ಬಿಟ್ಟು ಕದಲುವುದಿಲ್ಲ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ ಮೇಲೆ ನನಗೆ ಅದು ಕಂಡಿತು. ಈಗ ಮಂಡಿ ಮಡಚುತ್ತೇನೆ, ಹಗ್ಗದ ಆಚೆ ಒಬ್ಬನನ್ನು ನಿಲ್ಲಿಸಿಕೊಂಡು ಅವನ ಬನಿಯನ್ ಮೇಲಿನ ಅಕ್ಷರ ಓದುತ್ತಾ ದಾಟುತ್ತೇನೆ.

ಭಾನುವಾರ ಬರುವವರು ಫೋರ್ಮನ್ ಪಂದ್ಯದ 7ನೇ ರೌಂಡನ್ನು ಸೌಂಡ್ ಇಲ್ಲದೆ ನೋಡಿಕೊಂಡು ಬನ್ನಿ. ತೂರಾಡಿದ ಮೇಲೆ ಅವನ ಎಡಗಾಲು ಎಲ್ಲಿಗೆ ಹೋಯಿತು ಅನ್ನುವುದನ್ನಷ್ಟೇ ಬರೆದು ತನ್ನಿ. ಬನಿಯನ್ ಮಾತ್ರ ಅಕ್ಷರ ಇರುವುದೇ ಹಾಕಿಕೊಂಡು ಬನ್ನಿ.